ರಂಪಣಿ ಬಲೆಯ ಪಾಲು



ಜೂನ್ 29 ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬ. ಪೇತ್ರರು ಮೀನುಗಾರರು. ಮುದ್ದೇನಹಳ್ಳಿ ಕಡೆಯ ನಮಗೆ ರಾಗಿ, ರೇಷ್ಮೆ, ದ್ರಾಕ್ಷಿ ಗೊತ್ತು. ಬಲೆಯ ಬದುಕು ಅಷ್ಟಾಗಿ ಗೊತ್ತಿಲ್ಲ. ಅದನ್ನು ಅರಿಯಲು ನಮ್ಮದೇ ಕರಾವಳಿಯ ಹಳ್ಳಿಗಳತ್ತ ನೋಡೋಣ.

ಕಾರವಾರದಿಂದ ಉಳ್ಳಾಲದವರೆಗೆ ಮೊಗವೀರರು, ಖಾರ್ವಿಗಳು ಮೊದಲಾದವರ ಹಳ್ಳಿಗಳಿವೆ. ಹಿಂದೆ ಇವುಗಳ ಜೀವಾಳ ರಂಪಣಿ ಬಲೆ. ಬಂಗುಡೆ, ಬೂತಾಯಿ ಮೀನಿನ ಹಿಂಡು ದಡದ ಸಮೀಪ ಬಂದಾಗ ದೋಣಿಯೊಂದು ಬಲೆಯನ್ನು ಬಿಡುತ್ತಾ ಹಿಂಡನ್ನು ಬಳಸಿ ಮತ್ತೆ ದಡಕ್ಕೆ ಬರುತ್ತಿತ್ತು. ಎರಡು ತುದಿಯ ಹಗ್ಗಗಳನ್ನು ಹತ್ತಾರು ಜನ ಸಾಲಾಗಿ ನಿಂತು ಎಳೆಯುತ್ತಿದ್ದರು. ಅಷ್ಟು ಉದ್ದದ ಬಲೆ ಒಂದು ಮನೆಯ ಸೊತ್ತಲ್ಲ. ಹಲವು ಮನೆಗಳ ತುಂಡುಗಳನ್ನು ಜೋಡಿಸಿದರೆ ಒಂದು ರಂಪಣಿ. ಬಲೆ ಕೊಟ್ಟವರಿಗೂ ಹಗ್ಗ ಎಳೆದವರಿಗೂ ಪಾಲಿತ್ತು. ಹೆಂಗಸರು ಬುಟ್ಟಿ ಹೊತ್ತು ಮಾರುತ್ತಿದ್ದರು, ಮಳೆಗಾಲಕ್ಕೆಂದು ಉಪ್ಪು ಹಾಕಿ ಒಣಗಿಸುತ್ತಿದ್ದರು. ಮಿಕ್ಕ ಬೂತಾಯಿ ತೆಂಗಿನ ಬುಡಕ್ಕೆ ಗೊಬ್ಬರ.

1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡ ಸೇರುವ ಮೊದಲೇ ಕಡಲಿನಲ್ಲೇ ಅದನ್ನು ಸುತ್ತುವರಿದು ಹಿಡಿದವು. ರಂಪಣಿಯವರು ಪ್ರತಿಭಟಿಸಿದರು. 1986ರಲ್ಲಿ ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ರಾಜ್ಯ ಕಾಯಿದೆ ಬಂತು. ಈಗ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿಮಾಡುವ ಕಾಲವದು. ಆದರೆ ರಂಪಣಿಯ ವೈಭವ ಮರಳಲಿಲ್ಲ. ಮಧ್ಯ ಆಫ್ರಿಕೆಯ ಕಾಂಗೋ ಕರಾವಳಿಯ ಬಡ ಬೆಸ್ತರದೂ ಇದೇ ಗೋಳು: ದಡದಲ್ಲಿ ಚಿಕ್ಕ ದೋಣಿ, ಆಚೆಗೆ ದೊಡ್ಡ ಟ್ರಾಲರ್.

ಇದು ನಮಗೆ ದೂರದ ಮಾತೇ? ನಮ್ಮ ಕೆರೆಗಳಲ್ಲಿ ನೀರುಗಂಟಿ ಸರದಿಯಂತೆ ಪ್ರತಿ ಗದ್ದೆಗೂ ನೀರು ಬಿಡುತ್ತಿದ್ದ. ಬೋರ್‌ವೆಲ್ ಬಂದ ಮೇಲೆ ದುಡ್ಡಿದ್ದವನು ಸಾವಿರ ಅಡಿಗೂ ಕೆಳಗೆ ಕೊರೆಸಿದ. ಪಕ್ಕದವನ ಬಾವಿ ಬತ್ತಿತು. ಟ್ರಾಲರ್ ಆಗಲಿ ಬೋರ್‌ವೆಲ್ ಆಗಲಿ ಪಾಪವಲ್ಲ. ಎಲ್ಲರಿಗೂ ಸೇರಿದ್ದನ್ನು ಶಕ್ತಿಯಿದ್ದವನೇ ಮೊದಲು ಬಾಚಿಕೊಂಡು, ಉಳಿದವರಿಗೆ ಪಾಲೇ ಇಲ್ಲವೆನ್ನುವುದು ಅನ್ಯಾಯ.

ಬಲೆ ಹರಿಯುವಷ್ಟು ಮೀನು ಸಿಕ್ಕಾಗ ಪೇತ್ರರ ಕಡೆಯವರು ಏನು ಮಾಡಿದರೆಂದು ಲೂಕನ ಶುಭಸಂದೇಶದ ಐದನೆಯ ಅಧ್ಯಾಯ ತಿಳಿಸುತ್ತದೆ: ಇನ್ನೊಂದು ದೋಣಿಯಲ್ಲಿದ್ದ ಪಾಲುಗಾರರನ್ನು ಕೈಸನ್ನೆಮಾಡಿ ಕರೆದರು. ಎರಡು ದೋಣಿಗಳೂ ತುಂಬಿದವು. ಈ ಹಬ್ಬದಂದು ನಮ್ಮ ಊರಿನ ಕೆರೆಯ ಹೂಳೆತ್ತಲು ಯಾರಾದರೂ ಕರೆದರೆ, ನಮ್ಮದು ಯಾವ ಜಾತಿ, ಯಾವ ಧರ್ಮ ಎನ್ನದೆ ಹೋಗಿ ಕೈಜೋಡಿಸೋಣ. ಯಾರೂ ಕರೆಯದಿದ್ದರೆ ನಾವೇ ಕರೆಯೋಣ.