ಚಾಕೊಲೇಟು ಸೆಂಟು: ಎರಡರಲ್ಲಿ ಯಾವುದು?

ಚೆಂಡುಹೂವಿನ ಹೊಲಗಳ ಗುಂಡ್ಲುಪೇಟೆಗೂ ಸಂಪಿಗೆಯ ಘಮ ಬಲ್ಲ ಚಾಮರಾಜನಗರಕ್ಕೂ ಈಗ ತಿಂಡಿಯ ವಾಸನೆಯ ಸೆಂಟುಗಳು ಬಂದಿವೆ. ಕಾಲೇಜಿಗೆ ಹೋಗುವ ಮಗಳು ವಿದ್ಯಾರ್ಥಿವೇತನದಲ್ಲಿ ಉಳಿಸಿದ ದುಡ್ಡು ಹಿಡಿದು, 'ಅಪ್ಪಾ, ಎರಡೂ ಚಾಕೊಲೇಟು ಘಮದವೇ, ಯಾವುದು ಕೊಳ್ಳಲಿ?' ಎಂದು ಕೇಳಿದರೆ ಏನು ಹೇಳುವುದು? ಬೇಡವೆಂದು ಗದರುವ ಮೊದಲು ಸೀಸೆಯೊಳಗೆ ಏನಿದೆಯೆಂದು ನೋಡೋಣ.

ಇಂಥ ಸೆಂಟಿನಲ್ಲಿ ಚಾಕೊಲೇಟು ಇರಲೇಬೇಕೆಂದಿಲ್ಲ. ಹುರಿದ ಕೋಕೋ ಬೀಜದ ಘಮಕ್ಕೆ ಮುಖ್ಯ ಕಾರಣ ಪೈರಜೀನ್ ಎಂಬ ಸಂಯುಕ್ತಗಳು. ಹುರಿದ ಕಡಲೆಕಾಯಿಯಲ್ಲೂ ಅವು ಇವೆ. ಸಿಹಿ ವಾಸನೆ ಕೊಡುವುದು ವೆನಿಲಿನ್ ಮತ್ತು ಈಥೈಲ್ ಮಾಲ್ಟಾಲ್. ಸಕ್ಕರೆ ಕಾದು ಕೆಂಪಾಗುವಾಗ ಮಾಲ್ಟಾಲ್ ಹುಟ್ಟುತ್ತದೆ. ಆಲೆಮನೆಯ ಕೊಪ್ಪರಿಗೆಯ ಬಳಿ ನಿಂತವರಿಗೆ ಆ ಬಗೆಯ ಘಮ ಹೊಸದಲ್ಲ. ಈಥೈಲ್ ಮಾಲ್ಟಾಲ್ ಅದರ ಕೃತಕ ತಮ್ಮ, ಅಣ್ಣನಿಗಿಂತ ಹಲವು ಪಟ್ಟು ಜೋರು. ವೆನಿಲಿನನ್ನು 1874ರಲ್ಲೇ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಪ್ರಯೋಗಾಲಯದಲ್ಲಿ ತಯಾರಿಸಿದ್ದರು. 1992ರಲ್ಲಿ ಬಂದ 'ಏಂಜೆಲ್' ಎಂಬ ಫ್ರೆಂಚ್ ಸೆಂಟು ಈಥೈಲ್ ಮಾಲ್ಟಾಲಿಗೆ ಪಚೋಲಿ ಎಲೆಯ ಎಣ್ಣೆ ಬೆರೆಸಿ ಹೆಸರು ಮಾಡಿತು. ತಿಂಡಿ ಘಮದ ಸೆಂಟುಗಳ ಸಾಲು ಬೆಳೆದದ್ದು ಆಮೇಲೆ.

ಸೆಂಟಿನಲ್ಲಿರುವ ವಸ್ತುಗಳು ಒಂದೇ ವೇಗದಲ್ಲಿ ಆವಿಯಾಗುವುದಿಲ್ಲ. ಕಿತ್ತಳೆ, ನಿಂಬೆಯ ಹಗುರ ಅಣುಗಳು ಕೆಲವು ನಿಮಿಷಗಳಲ್ಲೇ ಹಾರಿಹೋಗುತ್ತವೆ. ನಂತರ ಹೂವಿನ ಘಮ. ಕೊನೆಗೆ ಉಳಿಯುವುದು ವೆನಿಲಿನ್, ಪಚೋಲಿ, ಗಂಧದೆಣ್ಣೆಯಂಥವು. ಅಂಗಡಿಯಲ್ಲಿ ಮುಚ್ಚಳ ತೆಗೆದು ಮೂಸಿದಾಗ ಸಿಗುವುದು ಮೊದಲ ಹಂತ ಮಾತ್ರ. ದಿನವಿಡೀ ಜೊತೆಗಿರುವುದು ಕೊನೆಯದು.

ಆದ್ದರಿಂದ ಪ್ರಯೋಗ ಮಾಡಿ. ಅಂಗಡಿಯ ಮಾದರಿ ಸೀಸೆಯಿಂದ ಒಂದನ್ನು ಎಡ ಮಣಿಕಟ್ಟಿಗೆ, ಇನ್ನೊಂದನ್ನು ಬಲ ಮಣಿಕಟ್ಟಿಗೆ ಅಷ್ಟಷ್ಟೇ ಹಾಕಿ. ಅಂದೇ ಕೊಳ್ಳಬೇಡಿ. 10 ನಿಮಿಷ, 1 ಗಂಟೆ, 4 ಗಂಟೆ ಕಳೆದ ಮೇಲೆ ಮೂಸಿ ಬರೆದಿಡಿ. ನಡುವೆ ಸ್ವಲ್ಪ ಬಿಸಿಲಿನಲ್ಲೂ ಓಡಾಡಿ. ಒಂದೇ ವಾಸನೆಗೆ ಮೂಗು ಬೇಗ ಒಗ್ಗಿಬಿಡುತ್ತದೆ. ಹೆಸರು ಹೇಳದೆ ಅಮ್ಮನಿಗೂ ಮೂಸಿಸಿ. ತುರಿಕೆ ಬಂದರೆ ಆ ಸೆಂಟನ್ನು ಬಿಟ್ಟುಬಿಡಿ. ಇದರಲ್ಲಿ ಮದ್ಯಸಾರವಿರುವುದರಿಂದ ಒಲೆ, ದೀಪದ ಬಳಿ ಬಳಸಬೇಡಿ.

ಇನ್ನೊಂದು ಮಾತು. ಸೆಕೆಯಲ್ಲಿ ಆವಿಯಾಗುವ ವೇಗ ಹೆಚ್ಚು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಕಿಕ್ಕಿರಿದ ಬಸ್ಸಿನಲ್ಲಿ ಹೋಗುವಾಗ ಬರೀ ಸಿಹಿ ತುಂಬಿದ ಸೆಂಟು ಪಕ್ಕದಲ್ಲಿ ಕುಳಿತವರಿಗೆ ತಲೆನೋವಾದೀತು. ಕಾಲೇಜಿಗಾದರೆ ಕೋಕೋದ ಕಹಿ, ಮರದ ಘಮ ಸೇರಿದ್ದು ಲೇಸು, ಅದೂ ಒಂದೇ ಸಲ ಸಿಂಪಡಿಸಿದರೆ ಸಾಕು. ಹೆಚ್ಚು ಸಿಹಿಯದು ಸಂಜೆಯ ಆರತಕ್ಷತೆಗೆ ಇರಲಿ.

4 ಗಂಟೆಯ ಬಳಿಕ ಎರಡೂ ಒಂದೇ ಅನಿಸಿದರೆ ಅಗ್ಗದ್ದನ್ನು ಕೊಳ್ಳಿ. ಎರಡೂ ಬೇಡವೆನಿಸಿದರೆ ಅದೂ ಪ್ರಯೋಗದ ಫಲಿತಾಂಶವೇ; ದುಡ್ಡು ಕೈಯಲ್ಲೇ ಉಳಿಯಿತು.