ಹಳೆಯ ಗಣಕಯಂತ್ರದ ಹೊಸ ಕಾವಲು

ಹಳೆಯದಾಯಿತೆಂದು ಮೂಲೆಗೆ ಸರಿಸಿದ ಗಣಕಯಂತ್ರವೂ ಮನೆಯ ಬಾಗಿಲು ಕಾಯಬಲ್ಲದು. ಅಂತರಜಾಲದಲ್ಲಿ ಮಾಹಿತಿಯು ಪ್ಯಾಕೆಟ್ ಎಂಬ ಸಣ್ಣ ತುಣುಕುಗಳಾಗಿ ಸಂಚರಿಸುತ್ತದೆ. ಪ್ರತಿಯೊಂದು ತುಣುಕೂ ಅಂಚೆಯ ಲಕೋಟೆಯಂತೆ ತಾನು ಹೊರಟ ಮತ್ತು ಸೇರಬೇಕಾದ ವಿಳಾಸಗಳನ್ನು ಹೊತ್ತಿರುತ್ತದೆ. ಅವನ್ನು ಪರೀಕ್ಷಿಸಿ, ಬೇಡದವನ್ನು ತಡೆಯುವ ವ್ಯವಸ್ಥೆಯೇ ಫೈರ್‌ವಾಲ್.

ಇದಕ್ಕೆ ಯಂತ್ರದಲ್ಲಿ ಎರಡು ನೆಟ್‌ವರ್ಕ್ ಕಾರ್ಡುಗಳಿರಬೇಕು: ಅಂತರಜಾಲದ ಕಡೆಗೆ ಒಂದು, ಮನೆಯ ಉಪಕರಣಗಳ ಕಡೆಗೆ ಮತ್ತೊಂದು. ಯಂತ್ರವು 64 ಬಿಟ್‌ನದಾಗಿದ್ದರೆ, 2015ರಲ್ಲಿ ಹೊರಬಂದ ಓಪಿಎನ್‌ಸೆನ್ಸ್‌ನಂತಹ ಉಚಿತ ತಂತ್ರಾಂಶವನ್ನು ಅಳವಡಿಸಬಹುದು. ಮನೆಯವರು ಕೇಳಿದ್ದಕ್ಕೆ ಬಂದ ಉತ್ತರವನ್ನು ಅದು ಒಳಗೆ ಬಿಡುತ್ತದೆ. ಕರೆಯದೆ ಬಂದುದನ್ನು ಹೊರಗೇ ನಿಲ್ಲಿಸುತ್ತದೆ. ವಿಳಾಸ ನೋಡುವ ಈ ಕೆಲಸಕ್ಕೆ ಹೆಚ್ಚಿನ ಶಕ್ತಿ ಬೇಡ. ಆದುದರಿಂದಲೇ ಹಳೆಯ ಯಂತ್ರ ಸಾಕು.

ಆದರೆ ಕಾವಲಿಗೂ ಬೆಲೆಯುಂಟು. 50 ವಾಟ್ ಬಳಸುವ ಯಂತ್ರ ಹಗಲಿರುಳು ನಡೆದರೆ ದಿನಕ್ಕೆ 1.2 ಯೂನಿಟ್ ವಿದ್ಯುತ್ ವ್ಯಯವಾಗುತ್ತದೆ. ತಂತ್ರಾಂಶವನ್ನು ಆಗಾಗ ನವೀಕರಿಸದಿದ್ದರೆ ಕಾವಲುಗಾರನೇ ನಿದ್ರಿಸಿದಂತೆ. ಮೋಸದ ಮಿಂಚಂಚೆಯನ್ನು ನಂಬಿ ನಾವೇ ಗುಪ್ತಪದವನ್ನು ಒಪ್ಪಿಸಿದರೆ ಯಾವ ಗೋಡೆಯೂ ಕಾಪಾಡದು. ಯಂತ್ರದ ಎಚ್ಚರದೊಡನೆ ಮನುಷ್ಯನ ವಿವೇಕವೂ ಸೇರಿದಾಗಲೇ ಮನೆ ಸುರಕ್ಷಿತ.