ಮೂರು ಲಕ್ಷಕ್ಕೆ ಬಂದ ಬೆಂಗಳೂರು

ಮಕ್ಕಳೇ, ದುಡ್ಡು ಕೊಟ್ಟು ಒಂದು ಊರನ್ನೇ ಕೊಳ್ಳಬಹುದೇ? ಬೆಂಗಳೂರು ಒಮ್ಮೆ ಹಾಗೆಯೇ ಕೈ ಬದಲಾಯಿಸಿತು, ಮೂರು ಲಕ್ಷ ರೂಪಾಯಿಗೆ!

ನಾನು ಇಳಕಲ್ಲ, ಹುನಗುಂದ, ಬಾಗಲಕೋಟೆಗಳಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದವನು. ಹೊಲದ ಮೇಲೆ ಸಾಲ ಕೇಳಿ ಬಂದವರಿಗೆ ನಮ್ಮ ಮೊದಲ ಮಾತು, ‘ಉತಾರ ತಂದೀರೇನ್ರಿ?’ ಹೊಲ ಯಾರ ಹೆಸರಿನಲ್ಲಿದೆ, ಅದರ ಮೇಲೆ ಯಾರ ಹಕ್ಕಿದೆ ಎಂಬುದು ಅದರಲ್ಲಿ ತಿಳಿಯುತ್ತದೆ. ಬೆಂಗಳೂರಿನ ವ್ಯವಹಾರವನ್ನೂ ಹಾಗೆಯೇ ನೋಡೋಣ.

ಅದು 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರು. 1638ರಲ್ಲಿ ವಿಜಾಪುರದ ಆದಿಲ್‌ಶಾಹಿ ಸೇನೆ ಅದನ್ನು ಗೆದ್ದಿತು. ಆಗ ನಮ್ಮ ಬಾದಾಮಿ ಸೀಮೆಗೂ ಆ ಸುಲ್ತಾನರೇ ದೊರೆಗಳು. ಅವರು ಬೆಂಗಳೂರನ್ನು ಶಿವಾಜಿಯ ತಂದೆ ಶಹಾಜಿಗೆ ಜಹಗೀರಾಗಿ ಕೊಟ್ಟರು. ಮುಂದೆ ಅದು ಶಹಾಜಿಯ ಇನ್ನೊಬ್ಬ ಮಗ ಏಕೋಜಿಗೆ ಬಂತು. ಅವನು ನೆಲೆಸಿದ್ದು ದೂರದ ತಂಜಾವೂರಿನಲ್ಲಿ. ಬೆಂಗಳೂರನ್ನು ಕಾಯುವುದು ಕಷ್ಟವಾಗಿ, ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷಕ್ಕೆ ಮಾರಲು ಮಾತುಕತೆ ನಡೆಸಿದ.

ಅಷ್ಟರಲ್ಲಿ, 1686ರಲ್ಲಿ, ಔರಂಗಜೇಬ ವಿಜಾಪುರವನ್ನು ಗೆದ್ದ. ಮರುವರ್ಷ ಅವನ ಸೇನಾಪತಿ ಕಾಸಿಂ ಖಾನ್ ಬೆಂಗಳೂರನ್ನೂ ಹಿಡಿದು, ಅದೇ ಮೂರು ಲಕ್ಷಕ್ಕೆ ಒಡೆಯರಿಗೆ ಒಪ್ಪಿಸಿದ. ಮಾತಾಡಿದವನು ಒಬ್ಬ, ಹಣ ಎಣಿಸಿಕೊಂಡವನು ಇನ್ನೊಬ್ಬ! ಮೈಸೂರು ಬೆಳೆಯಿತು. ಪೇಟೆಯ ನೇಕಾರರನ್ನು, ವ್ಯಾಪಾರಿಗಳನ್ನು ಮಾತ್ರ ಯಾರೂ ಕೇಳಲಿಲ್ಲ.

ಇದಕ್ಕಿಂತ ಬಹಳ ದೊಡ್ಡ ವ್ಯಾಪಾರ 1803ರಲ್ಲಿ ನಡೆಯಿತು. ಫ್ರಾನ್ಸಿನ ನೆಪೋಲಿಯನ್ ‘ಲೂಯಿಸಿಯಾನಾ’ ಎಂಬ ವಿಶಾಲ ಪ್ರದೇಶವನ್ನು ಅಮೆರಿಕಕ್ಕೆ ಒಂದೂವರೆ ಕೋಟಿ ಡಾಲರಿಗೆ ಮಾರಿದ. ಸುಮಾರು 8,28,000 ಚದರ ಮೈಲಿ! ಸ್ವತಂತ್ರವಾಗಿ 27 ವರ್ಷವಾಗಿದ್ದ ಆ ದೇಶ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಆದರೆ ಈ ನೆಲವನ್ನು ಬೇರೆಯವರಿಗೆ ಕೊಡುವುದಿಲ್ಲವೆಂದು ಫ್ರಾನ್ಸ್ ಮೊದಲೇ ಸ್ಪೇನಿಗೆ ಮಾತು ಕೊಟ್ಟಿತ್ತು. ಅಲ್ಲಿ ತಲೆತಲಾಂತರದಿಂದ ಬಾಳುತ್ತಿದ್ದ ಓಸೇಜ್, ಸೂ ಮುಂತಾದ ಮೂಲನಿವಾಸಿಗಳ ಒಪ್ಪಿಗೆಯನ್ನಂತೂ ಯಾರೂ ಪಡೆಯಲಿಲ್ಲ. ಮುಂದೆ ಅವರು ಒಂದೊಂದಾಗಿ ತಮ್ಮ ನೆಲ ಕಳೆದುಕೊಂಡರು.

ನಮ್ಮ ಸೀಮೆಯೂ ರಾಜ್ಯ ಬದಲಾಯಿಸಿದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಎಲ್ಲ ಆಗ ಮುಂಬೈ ರಾಜ್ಯದ ವಿಜಾಪುರ ಜಿಲ್ಲೆಯಲ್ಲಿದ್ದವು. ಕನ್ನಡಿಗರೆಲ್ಲ ಒಂದಾಗಬೇಕೆಂದು ಜನರೇ ವರ್ಷಾನುಗಟ್ಟಲೆ ಹೋರಾಡಿದರು. ಸಂಸತ್ತು ಕಾನೂನು ಮಾಡಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಯಾರೂ ಯಾರಿಗೂ ಮೂರು ಲಕ್ಷ ಎಣಿಸಿ ಕೊಡಲಿಲ್ಲ.

ಆ ದಿನ ಕಂಡ ಅಜ್ಜ-ಅಜ್ಜಿ ನಿಮ್ಮ ಓಣಿಯಲ್ಲಿದ್ದರೆ, ಹೇಗಿತ್ತೆಂದು ಕೇಳಿ ಬರೆದಿಟ್ಟುಕೊಳ್ಳಿ. ಈ ಉತಾರದ ಮೇಲೆ ಅವರ ಹೆಸರಿದೆ.